ಯಾವ ಲಂಗರು ಒಳ್ಳೆಯದು? ಅದು ಹಿಡಿದಿದೆ ಅಂತ ಗೊತ್ತಾಗೋದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮದು 10 ಮೀಟರ್ ಉದ್ದದ ಹಾಯಿದೋಣಿ. ಓಡಿಸುವವರು ನಾನು ಮತ್ತು ನನ್ನ ತಂಗಿ, ಇಬ್ಬರೇ. ದೋಣಿ ಜೊತೆಗೇ ಬಂದ ಹಳೇ ಸಿಕ್ಯೂಆರ್ ಲಂಗರು ಇದೆ, ನೇಗಿಲಿನ ಗುಳದ ಆಕಾರದ್ದು, 16 ಕಿಲೋ. ಕಳೆದ ವಾರ 6 ಮೀಟರ್ ಆಳದಲ್ಲಿ 20 ಮೀಟರ್ ಚೈನು ಬಿಟ್ಟು ಮಲಗಿದ್ದೆವು. ಆಳಕ್ಕೆ ಮೂರು ಪಟ್ಟಿಗಿಂತ ಜಾಸ್ತಿಯೇ ಆಯಿತು, ಅಲ್ವಾ? ರಾತ್ರಿ ಎರಡು ಗಂಟೆಗೆ ಗಾಳಿ ದಿಕ್ಕು ಬದಲಾಯಿತು. ಲಂಗರು ಜಾರಿತು. ಎಚ್ಚರವಾದಾಗ ಪಕ್ಕದ ದೋಣಿ ಎರಡೇ ಮಾರು ದೂರದಲ್ಲಿತ್ತು. ಮೇಲೆತ್ತಿ ನೋಡಿದರೆ ಲಂಗರಿನ ತುದಿಯೇ ಕಾಣದಷ್ಟು ಕಡಲಹುಲ್ಲಿನ ಮುದ್ದೆ.

ಹೊಸದು ಕೊಳ್ಳೋಣ ಅಂತ ವಿಚಾರಿಸಿದರೆ ಐದು ಜನ ಐದು ಹೆಸರು ಹೇಳುತ್ತಾರೆ. ಪರೀಕ್ಷೆಯ ವೀಡಿಯೋಗಳಲ್ಲಿ, ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಕೊನೆಗೆ ನಿಲ್ಲುತ್ತದೆ. ಈ ಕೆಲಸದಲ್ಲೇ ಇರುವವರು ದಯವಿಟ್ಟು ಹೇಳಿ.

ಹಿರಿಯ ಸದಸ್ಯರು:
ತಮ್ಮಾ, ಲಂಗರನ್ನು ಬೈಯಬೇಡ. ನಾನು 30 ವರ್ಷದಿಂದ ಸಿಕ್ಯೂಆರ್ ನಂಬಿಯೇ ಮಲಗಿದ್ದೇನೆ. ನಿದ್ದೆ ಕೆಟ್ಟದ್ದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಕುವ ಕೈ ಸರಿ ಇರಬೇಕು.

ರೋಕ್ನಾ ಇಟ್ಟುಕೊಂಡವರು:
ಅಣ್ಣಾ, ನಿಮ್ಮ ಮೇಲೆ ಗೌರವ ಇದೆ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಅದು 1933ರ ವಿನ್ಯಾಸ. ಗಟ್ಟಿ ಮರಳಿನ ಮೇಲೆ ಬಿದ್ದರೆ ಮಗ್ಗುಲಾಗಿ ಮಲಗಿ ಉಳುತ್ತಾ ಹೋಗುತ್ತದೆ. ನನ್ನದು ರೋಕ್ನಾ, ಹೊಸ ತಲೆಮಾರಿನ ಲಂಗರು, ಸಲಿಕೆ ಹಾಗೆ ಅಗೆದು ಒಳಗೆ ಇಳಿಯುತ್ತದೆ.

ಡ್ಯಾನ್‌ಫೋರ್ತ್ ಪಕ್ಷದವರು:
ಮರಳು, ಕೆಸರು ಅಂದರೆ ಎರಡು ಚಪ್ಪಟೆ ಅಲಗಿನ ಡ್ಯಾನ್‌ಫೋರ್ತ್ ಲಂಗರಿನ ಮುಂದೆ ಯಾವುದೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸುವ ದೋಣಿಗಳು ಇದನ್ನೇ ಹಿಂದಿನಿಂದ ಹಾಕುತ್ತಿದ್ದವು. ದಡ ಹತ್ತಿ ಕೂತ ದೋಣಿಯನ್ನು ಅದನ್ನೇ ಜಗ್ಗಿ ವಾಪಸ್ ನೀರಿಗೆ ಎಳೆಯುತ್ತಿದ್ದರು. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾ?

ರೋಕ್ನಾ ಇಟ್ಟುಕೊಂಡವರು:
ಅವರು ನೇರಕ್ಕೆ ಎಳೆಯುತ್ತಿದ್ದರು ಸಾರ್. ರಾತ್ರಿ ಎರಡು ಗಂಟೆಗೆ ಗಾಳಿ ತಿರುಗಿದರೆ? ಅಲಗುಗಳ ನಡುವೆ ಒಂದು ಚಿಪ್ಪು ಸಿಕ್ಕಿಕೊಂಡರೆ ಮತ್ತೆ ಊರಿಕೊಳ್ಳಲ್ಲ.

ಇನ್ನೊಬ್ಬ ಸದಸ್ಯರು:
ಹುಲ್ಲಿಗೆ, ಬಂಡೆಗೆ ಎರಡು ಕೊಕ್ಕೆಯ ಹಳೇ ಕಾಲದ ಲಂಗರೇ ಸರಿ. ಬಾವುಟದಲ್ಲಿ, ಟೋಪಿಯಲ್ಲಿ ಎಲ್ಲರೂ ಅದರ ಚಿತ್ರ ಹಾಕಿಕೊಳ್ಳುತ್ತಾರೆ. ದೋಣಿಯಲ್ಲಿ ಮಾತ್ರ ಯಾರೂ ಇಟ್ಟುಕೊಳ್ಳಲ್ಲ!

ಹಿರಿಯ ಸದಸ್ಯರು:
ಒಂದು ಕೊಕ್ಕೆ ಒಳಗೆ, ಒಂದು ಹೊರಗೆ. ದೋಣಿ ಒಂದು ಸುತ್ತು ತಿರುಗಿದರೆ ಚೈನು ಮೇಲಿನ ಕೊಕ್ಕೆಗೇ ಸುತ್ತಿಕೊಂಡು ಲಂಗರನ್ನು ಕಿತ್ತುಹಾಕುತ್ತದೆ. ಟೋಪಿಗೇ ಇರಲಿ ಬಿಡಿ.

ಉತ್ತರ (ದೋಣಿ ತಲುಪಿಸುವ ಮತ್ತು ಕಲಿಸುವ ಕೆಲಸದಲ್ಲಿ 22 ವರ್ಷ):
ಎಲ್ಲರೂ ಒಂದು ನಿಮಿಷ ನಿಲ್ಲಿ. ಪ್ರಶ್ನೆ ಕೇಳಿದವರ ಲೆಕ್ಕವನ್ನು ಯಾರೂ ನೋಡಲೇ ಇಲ್ಲ.

ನೀವು 6 ಮೀಟರ್ ಅಂದಿರಿ. ಆದರೆ ಚೈನು ಶುರುವಾಗುವುದು ನೀರಿನ ಮಟ್ಟದಿಂದಲ್ಲ, ದೋಣಿಯ ಮುಂದಿನ ತುದಿಯಿಂದ. ಅದು ನೀರಿನಿಂದ ಒಂದು ಮೀಟರ್ ಮೇಲಿದೆ ಅಂದುಕೊಳ್ಳಿ, 7 ಆಯಿತು. ಲಂಗರು ಹಾಕಿದ್ದು ಇಳಿತದಲ್ಲೋ ಭರತದಲ್ಲೋ?

ಪ್ರಶ್ನೆ ಕೇಳಿದವರು:
ಇಳಿತದಲ್ಲಿ ಮೇಡಂ. ರಾತ್ರಿ ನೀರು ಸುಮಾರು 2 ಮೀಟರ್ ಏರಿತ್ತು.

ಉತ್ತರ:
ಹಾಗಾದರೆ 9 ಮೀಟರ್. ನೀವು ಬಿಟ್ಟ 20 ಮೀಟರ್ ಅದಕ್ಕೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಐದು ಪಟ್ಟು ಬಿಡಬೇಕಿತ್ತು, ಅಂದರೆ 45 ಮೀಟರ್. ಜೋರು ಗಾಳಿ ನಿರೀಕ್ಷೆ ಇದ್ದು ಸುತ್ತ ಜಾಗವೂ ಇದ್ದರೆ ಏಳು ಪಟ್ಟು. ಲಂಗರನ್ನು ಅಡ್ಡಕ್ಕೆ ಎಳೆದರೆ ಅದು ಒಳಗೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಆ ರಾತ್ರಿ ನಿಮ್ಮ ಚೈನು ಅದನ್ನು ಮೇಲಕ್ಕೆ ಎಳೆಯುತ್ತಿತ್ತು. ಯಾವ ಹೊಸ ಲಂಗರು ಇದ್ದರೂ ಆ ಉದ್ದದಲ್ಲಿ ನಾನು ನಿದ್ದೆ ಮಾಡುತ್ತಿರಲಿಲ್ಲ.

ಇನ್ನು ಗಾದೆ. ಅಣ್ಣಾ, ಲಂಗರಿನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ನಿಮ್ಮೆಲ್ಲರ ಜಗಳಕ್ಕೂ ಮೂಲ ಅದೇ. ಹೊಳೆಬಾಯಿಯ ಮೆತ್ತನೆ ಕೆಸರಿನಲ್ಲಿ ನಿಲ್ಲುವವರು ಒಂದು ಹೇಳುತ್ತಾರೆ, ಗಟ್ಟಿ ಮರಳಿನಲ್ಲಿ ನಿಲ್ಲುವವರು ಇನ್ನೊಂದು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ.

ಸಿಕ್ಯೂಆರ್ ಕೆಟ್ಟ ಲಂಗರಲ್ಲ. ಜೆಫ್ರಿ ಇಂಗ್ರಾಮ್ ಟೇಲರ್ ಎಂಬ ಭೌತವಿಜ್ಞಾನಿ ಅದನ್ನು ರೂಪಿಸಿದ್ದು ನೀರಿನ ಮೇಲೆ ಇಳಿಯುವ ವಿಮಾನಗಳಿಗಾಗಿ. ವಿಮಾನಕ್ಕೆ ಭಾರದ ಲಂಗರು ಹೊರುವುದಕ್ಕೆ ಆಗಲ್ಲ, ಕಡಿಮೆ ತೂಕದಲ್ಲಿ ಜಾಸ್ತಿ ಹಿಡಿತ ಬೇಕಿತ್ತು. ಆದರೆ ಅದರ ಆಕಾರ ನೇಗಿಲಿನ ಗುಳದ್ದು. ಗುಳ ಮಣ್ಣನ್ನು ಎರಡೂ ಕಡೆಗೆ ಸೀಳುತ್ತದೆ. ಹೊಸ ತಲೆಮಾರಿನವು, ಅಂದರೆ ಸ್ಪೇಡ್, ರೋಕ್ನಾ, ಮ್ಯಾಂಟಸ್ ಥರದವು, ಒಳಕ್ಕೆ ಬಾಗಿದ ಅಲಗಿನವು. ಮಣ್ಣನ್ನು ಸೀಳಲ್ಲ, ಬೊಗಸೆಯಲ್ಲಿ ಹಿಡಿದ ಹಾಗೆ ಹಿಡಿಯುತ್ತವೆ. ಸ್ಪೇಡ್‌ನ ತುದಿಯಲ್ಲಿ ಸೀಸ ತುಂಬಿದ್ದಾರೆ, ಮೂತಿ ಭಾರವಾಗಿ ಕೆಳಗೆ ಹೋಗಲಿ ಅಂತ. ರೋಕ್ನಾದ ಬೆನ್ನ ಮೇಲೆ ಕಮಾನಿನ ಹಾಗೆ ಒಂದು ಕೊಳವೆ ಇದೆ, ತಲೆಕೆಳಗಾಗಿ ಬಿದ್ದರೂ ಹೊರಳಿಸುತ್ತದೆ. ಅದೇ ಕಮಾನು ಅಂಟುಕೆಸರಿನಲ್ಲಿ ದೊಡ್ಡ ಹೆಂಟೆಯನ್ನು ಹಿಡಿದುಕೊಂಡು ಕೂರುವುದೂ ಉಂಟು. ಆಗ ಕಿತ್ತುಬಂದರೆ ಮತ್ತೆ ಊರಿಕೊಳ್ಳುವುದು ಕಷ್ಟ.

ಡ್ಯಾನ್‌ಫೋರ್ತ್ ಜಾತಿಯದೇ ಆದ ಅಲ್ಯೂಮಿನಿಯಂನ ಫೋರ್ಟ್ರೆಸ್‌ನಲ್ಲಿ ಅಲಗಿನ ಕೋನವನ್ನು 32 ಡಿಗ್ರಿಯಿಂದ 45ಕ್ಕೆ ಬದಲಾಯಿಸಬಹುದು. 32 ಮರಳಿಗೆ, 45 ಮೆತ್ತನೆ ಕೆಸರಿಗೆ. ಒಂದೇ ಲಂಗರಿನಲ್ಲಿ ಎರಡು ಕೋನ ಯಾಕಿಟ್ಟರು ಯೋಚಿಸಿ. ನೆಲ ಬೇರೆ ಅಂತಲೇ.

ರೋಕ್ನಾ ಇಟ್ಟುಕೊಂಡವರು:
ಹಾಗಾದರೆ ಆ ಪರೀಕ್ಷೆಗಳೆಲ್ಲ ಸುಮ್ನೆನಾ ಮೇಡಂ?

ಉತ್ತರ:
ಖಂಡಿತ ಅಲ್ಲ. ಓದುವುದು ಹೇಗೆ ಅಂತ ಗೊತ್ತಿರಬೇಕು. ತಳ ಯಾವುದು, ಆಳಕ್ಕೆ ಎಷ್ಟು ಪಟ್ಟು ಹಗ್ಗ, ನಿಧಾನಕ್ಕೆ ಎಳೆದರೋ ರಭಸದಿಂದಲೋ, ಒಂದೇ ತೂಕದವುಗಳನ್ನು ಹೋಲಿಸಿದರೋ, ಪರೀಕ್ಷೆಗೆ ಹಣ ಕೊಟ್ಟವರು ಯಾರು. ಬಹಳಷ್ಟು ಪರೀಕ್ಷೆಗಳಲ್ಲಿ ನೇರಕ್ಕೆ ಮಾತ್ರ ಎಳೆಯುತ್ತಾರೆ. ನಿಮ್ಮನ್ನು ಎಬ್ಬಿಸಿದ್ದು ಗಾಳಿ ತಿರುಗಿದ್ದು. ಆದ್ದರಿಂದ ಎಳೆಯುವ ದಿಕ್ಕು ಬದಲಿಸಿದ ಪರೀಕ್ಷೆ ಸಿಕ್ಕಿದರೆ ಅದನ್ನು ಮೊದಲು ನೋಡಿ. ಎಸ್‌ಎಚ್‌ಎಚ್‌ಪಿ (ಸೂಪರ್ ಹೈ ಹೋಲ್ಡಿಂಗ್ ಪವರ್) ಅಂತ ಪ್ರಮಾಣಪತ್ರ ಇದ್ದರೆ, ಅಷ್ಟೇ ತೂಕದ ಸಾಧಾರಣ ಹಡಗು ಲಂಗರಿಗಿಂತ ಕನಿಷ್ಠ ನಾಲ್ಕು ಪಟ್ಟು ಹಿಡಿತ ಅಂತ ಅರ್ಥ.

ಹೊಸ ಸದಸ್ಯರು:
ನಿಜವಾಗಿ ಹಿಡಿಯುವುದು ಚೈನಿನ ತೂಕ, ಲಂಗರು ನೆಪಕ್ಕೆ ಅಂತ ನನಗೆ ಕಲಿಸಿದ್ದರು. ಸರಿಯಾ ಅಕ್ಕ?

ಉತ್ತರ:
ಸಣ್ಣ ಗಾಳಿಯಲ್ಲಿ ಸರಿ. ಚೈನು ತಳದಲ್ಲಿ ಬಿದ್ದಿರುತ್ತದೆ, ದೋಣಿ ಅದನ್ನು ಎತ್ತಿ ಇಳಿಸಿ ಆಡುತ್ತಿರುತ್ತದೆ. ಆದರೆ ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. 30 ನಾಟ್ ಗಾಳಿ 15 ನಾಟ್‌ನ ನಾಲ್ಕರಷ್ಟು ಎಳೆಯುತ್ತದೆ. ಬಿರುಗಾಳಿಯಲ್ಲಿ ಚೈನು ಬಿಗಿದು ಹೆಚ್ಚುಕಡಿಮೆ ನೇರವಾಗುತ್ತದೆ, ಆ ಜೋಲು ಮಾಯ. ಆಗ ಜಗ್ಗಾಟ ತಡೆಯುವುದು ಚೈನಿಗೆ ಕಟ್ಟಿದ ಉದ್ದನೆಯ ನೈಲಾನ್ ಹಗ್ಗ, ಅದು ಹಿಗ್ಗುತ್ತದೆ. ದೋಣಿ ನಿಲ್ಲಿಸುವುದು ಮಣ್ಣಿನೊಳಗಿರುವ ಲಂಗರು.

ಈಗ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಇದನ್ನು ಪ್ರತಿ ಸಲ ನೀವೇ ಮಾಡಬೇಕು. ಗಾಳಿಗೆ ಮುಖ ಮಾಡಿ ದೋಣಿ ನಿಲ್ಲಿಸಿ. ಲಂಗರನ್ನು ಎಸೆಯಬೇಡಿ, ಇಳಿಸಿ. ದೋಣಿ ಹಿಂದಕ್ಕೆ ಸರಿಯುತ್ತಾ ಹೋದ ಹಾಗೆ ಚೈನು ಬಿಡಿ. ಇಲ್ಲದಿದ್ದರೆ ಎಲ್ಲ ಲಂಗರಿನ ಮೇಲೇ ರಾಶಿ ಬೀಳುತ್ತದೆ. ಐದು ಪಟ್ಟು ಬಿಟ್ಟ ಮೇಲೆ ಇಂಜಿನ್ ಮೆಲ್ಲಗೆ ರಿವರ್ಸ್. ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ.

ಆಗ ಒಬ್ಬರು ಮುಂದೆ ಹೋಗಿ ಬಿಗಿಯಾದ ಚೈನಿನ ಮೇಲೆ ಅಂಗೈ ಇಡಿ. ಬೆರಳು ಸುತ್ತಬೇಡಿ, ಮೇಲೆ ಮಾತ್ರ. ಲಂಗರು ಜಾರುತ್ತಿದ್ದರೆ ಕೈಗೆ ಗೊತ್ತಾಗುತ್ತದೆ. ಕಲ್ಲುರಸ್ತೆಯಲ್ಲಿ ಗಾಡಿ ಓಡಿದ ಹಾಗೆ ಕಟಕಟ ಅನ್ನುತ್ತದೆ. ಹಿಡಿದಿದ್ದರೆ ಚೈನು ಒಮ್ಮೆ ಬಿಗಿಯಾಗಿ ಏಳುತ್ತದೆ, ಸದ್ದಿರಲ್ಲ, ನಡುಕವಿರಲ್ಲ. ಆ ಮೌನಕ್ಕಾಗಿ ಕಾಯಿರಿ. ಜೊತೆಗೆ ದಡದಲ್ಲಿ ಒಂದರ ಹಿಂದೆ ಒಂದು ಕಾಣುವ ಎರಡು ಗುರುತು ನೋಡಿಕೊಳ್ಳಿ, ಮರ ಮತ್ತು ಅದರ ಹಿಂದಿನ ಕಂಬ ಇದ್ದ ಹಾಗೆ. ಅವು ಬೇರೆ ಬೇರೆ ಆಗುತ್ತಿದ್ದರೆ ನೀವು ಸರಿಯುತ್ತಿದ್ದೀರಿ. ಎತ್ತಿ ಮತ್ತೆ ಹಾಕಿ. ಪಕ್ಕದ ದೋಣಿಯವರು ನೋಡುತ್ತಾರೆ ಅಂತ ಸಂಕೋಚ ಬೇಡ. ಇದೇ ಕೆಲಸ ಮಾಡುವ ನಾನೂ ನಾಲ್ಕು ನಾಲ್ಕು ಸಲ ಹಾಕಿದ್ದೇನೆ.

ತಿಳಿನೀರಾದರೆ ಹುಲ್ಲಿನ ನಡುವೆ ಬೆಳ್ಳಗೆ ಕಾಣುವ ಮರಳಿನ ಜಾಗ ಹುಡುಕಿ. ಹುಲ್ಲಿನ ಮೇಲೆ ಹಾಕಿದರೆ ತುದಿಗೆ ಮುದ್ದೆ ಕಟ್ಟುತ್ತದೆ, ನಿಮಗೆ ಆದದ್ದೂ ಅದೇ. ಆ ಹುಲ್ಲಿಗೂ ಪೆಟ್ಟು. ಎಷ್ಟೋ ಮೀನುಮರಿಗಳು ಬೆಳೆಯುವ ತೊಟ್ಟಿಲು ಅದು.

ಪ್ರಶ್ನೆ ಕೇಳಿದವರು (ಎಂಟು ದಿನ ಬಿಟ್ಟು):
ಮೇಡಂ, ಹಳೇ ಸಿಕ್ಯೂಆರ್‌ನಲ್ಲೇ ಮಾಡಿ ನೋಡಿದೆವು. ಆಳ 4, ಮುಂದಿನ ತುದಿ 1, ಭರತಕ್ಕೆ 1, ಒಟ್ಟು 6. ಐದು ಪಟ್ಟು, 30 ಮೀಟರ್. ಮೊದಲ ಸಲ ತಂಗಿ ಕೈ ಇಟ್ಟವಳೇ "ಅಣ್ಣಾ, ಕಟಕಟ!" ಅಂತ ಕೂಗಿದಳು. ಎತ್ತಿ ಹತ್ತು ಮೀಟರ್ ಆಚೆ ಹಾಕಿದೆವು. ಈ ಸಲ ಚೈನು ಬಿಗಿಯಾಯಿತು, ಸುಮ್ಮನಾಯಿತು. ಈಜು ಕನ್ನಡಕ ಹಾಕಿ ಮುಳುಗಿ ನೋಡಿದೆ. ತುದಿಯೆಲ್ಲ ಮರಳಿನೊಳಗೆ, ದಂಡದ ಅರ್ಧ ಮಾತ್ರ ಹೊರಗೆ. ಆದರೂ ಗಾಳಿ ತಿರುಗಿದ ಭಯ ಹೋಗಿಲ್ಲ. ಬಾಗಿದ ಅಲಗಿನ 20 ಕಿಲೋದ್ದು ತೆಗೆದುಕೊಳ್ಳೋಣ ಅಂತಿದ್ದೇವೆ.

ಉತ್ತರ:
ಒಳ್ಳೆಯ ಆಯ್ಕೆ. ಒಂದು ಅಳತೆ ದೊಡ್ಡದು ಯಾವತ್ತೂ ನಷ್ಟವಲ್ಲ, ನಿಮ್ಮಿಬ್ಬರ ಕೈಗೆ ಎತ್ತಲು ಆಗಬೇಕು ಅಷ್ಟೇ. ಹಣ ಕೊಡುವ ಮೊದಲು ಅದರ ಅಳತೆಗೆ ರಟ್ಟು ಕತ್ತರಿಸಿ ದೋಣಿಯ ಮುಂದಿನ ತುದಿಯಲ್ಲಿ ಲಂಗರು ಕೂರುವ ರೋಲರ್ ಮೇಲೆ ಇಟ್ಟು ನೋಡಿ. ಕಮಾನು ತಾಗಿ ಕೂರದೆ ಹೋದರೆ ವಾಪಸ್ ಹೊರುವ ಕಷ್ಟ ನಿಮ್ಮದು. ಶ್ಯಾಕಲ್‌ನ, ಅಂದರೆ ಲಂಗರಿಗೆ ಚೈನು ಸೇರಿಸುವ ಕೊಂಡಿಯ, ಪಿನ್ನಿಗೆ ತಂತಿ ಸುತ್ತಿ ಬಿಗಿಯಿರಿ, ಇಲ್ಲದಿದ್ದರೆ ಅದು ತಾನಾಗಿ ಸಡಿಲವಾಗುತ್ತದೆ. ಚೈನಿನ ಒಳತುದಿಯನ್ನು ದೋಣಿಗೆ ಹಗ್ಗದಲ್ಲೇ ಕಟ್ಟಿ. ತುರ್ತಿನಲ್ಲಿ ಚಾಕುವಿನಿಂದ ಕತ್ತರಿಸಲು ಬರಬೇಕು.

ಪ್ರಶ್ನೆ ಕೇಳಿದವರು:
ತಂಗಿ ಆಗಲೇ ರಟ್ಟು, ಕತ್ತರಿ ಹಿಡಿದು ಕೂತಿದ್ದಾಳೆ.

ಹಿರಿಯ ಸದಸ್ಯರು:
ತಮ್ಮಾ, ಹಳೇದನ್ನು ಮಾರುವುದಾದರೆ ಬೇರೆ ಯಾರಿಗೂ ಹೇಳಬೇಡ. ಮೊದಲು ನನಗೆ ಹೇಳು.