ಹೊಸ ಮೇಣದ ಹಾಳೆಯನ್ನು ತುಡುವೆ ಜೇನು ಕಡಿದು ಹಾಕುತ್ತಿದೆ, ಏನು ಮಾಡಲಿ?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದಲ್ಲಿ ಮೂರು ನ್ಯೂಟನ್ ಮಾದರಿಯ ಜೇನುಪೆಟ್ಟಿಗೆ, ಎಲ್ಲ ತುಡುವೆ, ಅಂದರೆ ನಮ್ಮ ನಾಡಜೇನು. ಜುಲೈ ಮೊದಲ ವಾರ ಎರಿ (ಕಣ್ಣುಗಳಿರುವ ಮೇಣದ ತಟ್ಟೆ) ಕಟ್ಟಲಿ ಅಂತ ಒಂದಕ್ಕೆ ಕಣ್ಣಿನ ಅಚ್ಚು ಒತ್ತಿದ ಎರಡು ಹೊಸ ಮೇಣದ ಹಾಳೆ ಕೊಟ್ಟೆ. ನಿನ್ನೆ ಸ್ವಲ್ಪ ಹೊಳವಾದಾಗ ಮುಚ್ಚಳ ತೆಗೆದೆ. ಒಂದು ಹಾಳೆಯ ಕೆಳಗಿನ ಅಂಚು ಇಲಿ ಕಡಿದ ಹಾಗಿದೆ. ಇನ್ನೊಂದರಲ್ಲಿ ತಂತಿಯ ಉದ್ದಕ್ಕೂ ತೂತು, ತಂತಿ ಮಾತ್ರ ಉಳಿದಿದೆ. ಅಡಿಮಣೆ ಮೇಲೆ ರವೆಯ ಹಾಗೆ ಪುಡಿ. ಮೇಣದ ಹುಳು ಬಿದ್ದಿದೆ ಅಂತ ಪಕ್ಕದ ಮನೆಯವರು ಹೇಳಿದರು. ಪೆಟ್ಟಿಗೆ ಖಾಲಿ ಮಾಡಬೇಕಾ?

ಕಾನುಜೇನು:
ಖಾಲಿ ಮಾಡಬೇಡಿ ಮಾರಾಯ್ರೇ. ಮೇಣದ ಹುಳು ಬಿದ್ದರೆ ಬಲೆ ಕಾಣುತ್ತದೆ, ಕಪ್ಪು ಹಿಕ್ಕೆ ಇರುತ್ತದೆ. ಅದಕ್ಕೆ ಇಷ್ಟ ಮರಿ ಬೆಳೆದ ಹಳೇ ಕಪ್ಪು ಎರಿ. ಬಲೆ ಇಲ್ಲ, ಬರೀ ಒಣ ಪುಡಿ ಅಂದರೆ ಕಡಿದದ್ದು ನಿಮ್ಮ ನೊಣಗಳೇ.

ನೀವು ಹಾಳೆ ಕೊಟ್ಟ ಕಾಲ ನೋಡಿ. ಜುಲೈನಲ್ಲಿ ಹೂವೂ ಕಮ್ಮಿ, ಹಾರಲು ಬಿಡುವೂ ಕಮ್ಮಿ. ಮೇಣ ಸುಮ್ನೆ ಬರುವುದಿಲ್ಲ. ಸುಮಾರು 12ರಿಂದ 18 ದಿನ ವಯಸ್ಸಿನ ಕೆಲಸಗಾರ ನೊಣದ ಹೊಟ್ಟೆಯಡಿಯ ನಾಲ್ಕು ಜೊತೆ ಗ್ರಂಥಿಗಳಿಂದ ಬರಬೇಕು, ಅದಕ್ಕೆ ಹೊಟ್ಟೆ ತುಂಬ ತುಪ್ಪ ಬೇಕು. ಹೂವಿನ ಕಾಲದಲ್ಲಾದರೆ ಅದೇ ಹಾಳೆ ಮೇಲೆ ಗೋಡೆ ಎಬ್ಬಿಸುತ್ತವೆ. ಬರಗಾಲದಲ್ಲಿ ಅದು ಅವಕ್ಕೆ ಪುಕ್ಕಟೆ ಮೇಣ, ಇಲ್ಲಿ ಕಿತ್ತು ಅಲ್ಲಿ ಮೆತ್ತುತ್ತವೆ. ತುಡುವೆಗೆ ಈ ಚಾಳಿ ಮೊದಲೇ ಜಾಸ್ತಿ, ಹಳೇ ಎರಿಯನ್ನೂ ಕೆಡವಿ ಹೊಸದು ಕಟ್ಟುವ ಜಾತಿ ಅದು.

ಆದರೂ ಒಂದು ಅನುಮಾನ. ಉಳಿದ ಹಾಳೆ ಮೇಲೆ ಸ್ಕೇಲ್ ಇಟ್ಟು, ಸಾಲಾಗಿ ಹತ್ತು ಕಣ್ಣು ಎಷ್ಟು ಉದ್ದ ಬರುತ್ತದೆ ಹೇಳಿ.

ಕಾಫಿಕಣಿವೆ:
ಪ್ಯಾರಾಫಿನ್ ಬೆರಕೆ ಇರಬಹುದು. ಚೂರು ಬೆರಳಲ್ಲಿ ತಿಕ್ಕಿ ಮೂಸಿ. ಜೇನಿನ ವಾಸನೆ ಬರದಿದ್ದರೆ ಎಸೆಯಿರಿ.

ತೋಟದಮನೆ:
ವಾಸನೆ ಚೆನ್ನಾಗಿಯೇ ಇದೆ. ಹತ್ತು ಕಣ್ಣಿಗೆ 5.3 ಸೆಂ.ಮೀ. ಬಂತು.

ಕಾನುಜೇನು:
ಅಲ್ಲೇ ಸಿಕ್ಕಿತು ನೋಡಿ! ಅದು ಮೆಲ್ಲಿಫೆರಾ ಹಾಳೆ, ತುಡುವೆಗಿಂತ ದೊಡ್ಡದಾದ ವಿದೇಶಿ ಜೇನಿನದು. ನಮ್ಮ ತುಡುವೆಗೆ ಹತ್ತು ಕಣ್ಣು 4.5 ಸೆಂ.ಮೀ. ಆಚೀಚೆ ಇರಬೇಕು. ಯಾರೋ ದೊಡ್ಡ ಹಾಳೆಯನ್ನು ನ್ಯೂಟನ್ ಚೌಕಟ್ಟಿನ ಅಳತೆಗೆ ಕತ್ತರಿಸಿ ಕೊಟ್ಟಿದ್ದಾರೆ. ನಾನೂ ಒಮ್ಮೆ ಹೀಗೇ ಮೋಸ ಹೋಗಿದ್ದೆ. ಅರ್ಧ ಕಡಿದು ಬೀಳಿಸಿದವು, ಉಳಿದರ್ಧದಲ್ಲಿ ಗಂಡುನೊಣದ ಕಣ್ಣು ಕಟ್ಟಿದವು. ಮೂರು ತಿಂಗಳು ನೊಣಗಳಿಗೇ ಬೈದಿದ್ದೆ.

ಆ ಎರಡೂ ಹಾಳೆ ತೆಗೆದುಬಿಡಿ. ನೊಣಗಳು ಮುಚ್ಚಿ ಕೂರುವಷ್ಟು ಎರಿ ಮಾತ್ರ ಒಳಗಿರಲಿ. ಸಕ್ಕರೆ ನೀರು ಒಂದಕ್ಕೊಂದು ಅಳತೆ, ಸಂಜೆ ಹೊತ್ತು, ಒಂದು ಹನಿಯೂ ಚೆಲ್ಲಬಾರದು. ಚೆಲ್ಲಿದರೆ ಇರುವೆ ಬರುತ್ತದೆ, ಪಕ್ಕದ ಪೆಟ್ಟಿಗೆಯವೂ ಕದಿಯಲು ಬರುತ್ತವೆ. ಮಳೆ ಹಿಂದಾಗಿ, ಕಾಲಲ್ಲಿ ಪರಾಗದ ಉಂಡೆ ಹೊತ್ತು ಬರುವುದು ಚೆನ್ನಾಗಿ ಕಂಡ ಮೇಲೆ ಹೊಸ ಚೌಕಟ್ಟು ಕೊಡಿ. ಇಡೀ ಹಾಳೆ ಬೇಕಂತಿಲ್ಲ. ನಿಮ್ಮದೇ ಎರಿಯ ಒಂದಿಂಚು ಪಟ್ಟಿಯನ್ನು ಮೇಲ್ಪಟ್ಟಿಗೆ ಕರಗಿದ ಮೇಣದಲ್ಲಿ ಅಂಟಿಸಿದರೆ ಸಾಕು. ಮರಿಯಿರುವ ಎರಿಯ ಪಕ್ಕ ಇಡಿ, ಮಧ್ಯಕ್ಕೆ ತುರುಕಬೇಡಿ, ಮರಿಗೆ ಶೀತ ಆಗುತ್ತದೆ.

ತೋಟದಮನೆ (ಅಕ್ಟೋಬರ್):
ಸೆಪ್ಟೆಂಬರ್ ಕೊನೆಗೆ ಪಟ್ಟಿ ಅಂಟಿಸಿ ಕೊಟ್ಟೆ. ಇವತ್ತು ನೋಡಿದರೆ ನಾಲಗೆ ಚಾಚಿದ ಹಾಗೆ ಅಂಗೈಯಷ್ಟು ಬಿಳಿ ಎರಿ ಇಳಿದಿದೆ, ಒಂದು ಬದಿಯಲ್ಲಿ ಮೊಟ್ಟೆಯೂ ಇದೆ. ಹಾಳೆ ಕೊಟ್ಟವರನ್ನು ಕೇಳಿದೆ. "ಎಲ್ಲಾ ಜೇನಿಗೂ ಇದೇ ಆಗ್ತದೆ" ಅಂದರು! ಉಳಿದ ಚೂರುಗಳನ್ನು ಅಮ್ಮ ಎಣ್ಣೆ ಹಾಕಿ ಕಾಯಿಸಿ, ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದಾರೆ.