ತಲೆ ಸಿಡಿದ ಚಿತ್ರವೂ ಹೊಸಮನೆ ಗುಂಪಿನ ವಾಗ್ವಾದವೂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ‘ಹೊಸಮನೆ’ ಎಂದು ಹೆಸರು. ನಿವೃತ್ತ ಕನ್ನಡ ಪಂಡಿತರಾದ ದೊಡ್ಡಪ್ಪ ಇಲ್ಲಿ ಎರಡು ನಿಯಮಗಳನ್ನು ಹಾಕಿದ್ದಾರೆ: ವಾಕ್ಯಗಳು ಪೂರ್ಣವಾಗಿರಬೇಕು, ಕೈಮುಗಿಯುವ, ಕಣ್ಣೀರು ಸುರಿಸಿ ನಗುವ ಚಿತ್ರಗಳನ್ನು ಯಾರೂ ಹಾಕಕೂಡದು. ಹೀಗಾಗಿ ನಮ್ಮಲ್ಲಿ ಜಗಳವೂ ವ್ಯಾಕರಣಶುದ್ಧವಾಗಿಯೇ ನಡೆಯುತ್ತದೆ. ಕಳೆದ ಭಾನುವಾರ ನಡೆದದ್ದನ್ನು, ನಡುವಿನ ಶುಭೋದಯಗಳನ್ನೂ ಹಲಸಿನ ಹಪ್ಪಳದ ಬೆಲೆ ಕುರಿತ ವಿಚಾರಣೆಯನ್ನೂ ಬಿಟ್ಟು, ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ನಾಗರಾಜ ಮಾವ ಮಾತ್ರ ಇನ್ನೂ ಉತ್ತರಿಸಿಲ್ಲ. ಅವರು ಸಂದೇಶಗಳನ್ನು ಕಳಿಸುತ್ತಾರೆಯೇ ಹೊರತು ಓದುವ ಅಭ್ಯಾಸ ಅವರಿಗಿಲ್ಲ.

ನಾಗರಾಜ ಮಾವ (ಹಲವು ಬಾರಿ ರವಾನೆಯಾದ ಸಂದೇಶ, ಜೊತೆಗೆ ಹನ್ನೆರಡು ಸೆಕೆಂಡುಗಳ ವಿಡಿಯೊ): 1981ರಲ್ಲಿ ಕೆನಡಾ ದೇಶದಲ್ಲಿ ಇನ್ನೊಬ್ಬರ ಮನಸ್ಸನ್ನು ಓದುವ ರಹಸ್ಯ ಪ್ರಯೋಗ ನಡೆದಾಗ ವಿಜ್ಞಾನಿಯೊಬ್ಬನ ತಲೆ ವೇದಿಕೆಯ ಮೇಲೆಯೇ ಸಿಡಿದುಹೋಯಿತು. ಸರ್ಕಾರ ಇದನ್ನು ಮುಚ್ಚಿಟ್ಟಿತು. ಈಗ ಅದೇ ತರಂಗಗಳು ನಮ್ಮ ಮೊಬೈಲುಗಳಲ್ಲಿ ಹರಿಯುತ್ತಿವೆ. ಮಕ್ಕಳ ತಲೆದಿಂಬಿನ ಬಳಿ ಫೋನನ್ನು ಇಡಬೇಡಿ. ನಿಮ್ಮ ಪ್ರೀತಿಪಾತ್ರರಿಗೆಲ್ಲ ತಿಳಿಸಿ.

ಅಪ್ಪ: ಭಾವನವರೇ, ಈ ಸಂದೇಶಕ್ಕೆ ಆಧಾರವೇನು? ಯಾವ ಪ್ರಯೋಗಾಲಯ, ಯಾವ ವಿಜ್ಞಾನಿ, ಯಾವ ಪತ್ರಿಕೆಯಲ್ಲಿ ಪ್ರಕಟವಾಯಿತು ಎಂಬುದನ್ನು ದಯವಿಟ್ಟು ತಿಳಿಸಿ. ನಾನು ಓದಿದ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ನಮಗೆ ಮೊದಲು ಕಲಿಸಿದ್ದೇ ಪ್ರಶ್ನೆ ಕೇಳುವುದನ್ನು. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದ್ದರು.

ದೊಡ್ಡಪ್ಪ: ಶ್ರೀಧರ, ನರಸಿಂಹಯ್ಯನವರ ಹೆಸರಿಲ್ಲದೆ ನೀನು ಒಂದು ಲೋಟ ಕಾಫಿಯನ್ನಾದರೂ ಕುಡಿದದ್ದುಂಟೇ? ಆದರೆ ಈ ದೃಶ್ಯವನ್ನು ನಾನು ಹಿಂದೆಯೇ ಕಂಡಿದ್ದೇನೆ. ಇದನ್ನು ನಮ್ಮ ಮನೆಯ ಜಗುಲಿಗೆ ತಂದವರು ಯಾರು ಎಂಬುದೂ ನನಗೆ ಚೆನ್ನಾಗಿ ನೆನಪಿದೆ.

ನಾನು: ಮಾವ, ಇದು ಪ್ರಯೋಗವಲ್ಲ, ‘ಸ್ಕ್ಯಾನರ್ಸ್’ ಎಂಬ ಚಲನಚಿತ್ರದ ದೃಶ್ಯ. ಚಿತ್ರಕಥೆಯೂ ನಿರ್ದೇಶನವೂ ಡೇವಿಡ್ ಕ್ರೋನೆನ್‌ಬರ್ಗ್ ಅವರದು. ಸಂದೇಶದಲ್ಲಿ ನಿಜವಾಗಿರುವುದು 1981 ಎಂಬ ಇಸವಿಯೂ ಕೆನಡಾ ಎಂಬ ದೇಶದ ಹೆಸರೂ ಮಾತ್ರ. ವಿಡಿಯೊದಲ್ಲಿರುವ ಬೋಳುತಲೆಯವರು ಲೂಯಿ ಡೆಲ್ ಗ್ರಾಂಡೆ ಎಂಬ ನಟರು. ಸಿಡಿದದ್ದು ಅವರ ತಲೆಯ ಹೋಲಿಕೆಯ ಒಂದು ಅಚ್ಚು. ಅದರೊಳಗೆ ಲೇಟೆಕ್ಸ್ ಚೂರು, ಮೇಣ, ತಿಂದುಳಿದ ಬರ್ಗರುಗಳನ್ನೆಲ್ಲ ತುಂಬಿ, ಹಿಂದಿನಿಂದ ಬಂದೂಕು ಹಾರಿಸಿದ್ದರು.

ದೊಡ್ಡಪ್ಪ: ತಿನ್ನುವ ಅನ್ನವನ್ನು ತಲೆಯೊಳಗೆ ತುಂಬಿ ಗುಂಡು ಹೊಡೆಯುವುದನ್ನು ಕಲೆ ಎಂದು ಕರೆಯುವ ಕಾಲ ಬಂದಿದೆ. ರೌದ್ರವೂ ಬೀಭತ್ಸವೂ ನಮ್ಮಲ್ಲಿ ರಸಗಳೇ. ಆದರೆ ಯಕ್ಷಗಾನದಲ್ಲಿ ದುಶ್ಶಾಸನನ ಕರುಳನ್ನು ಬಗೆಯುವಾಗಲೂ ಭೀಮನಿಗೊಂದು ಕಾರಣವಿರುತ್ತದೆ, ಅದರ ಹಿಂದೆ ಇಡೀ ಸಭಾಪರ್ವವಿರುತ್ತದೆ. ಈ ಚಿತ್ರದಲ್ಲಿ ಏನಿದೆ? ಕಥೆ ಆರಂಭವಾಗುವ ಹೊತ್ತಿಗೇ ನಾಯಕ ಸಾಯುತ್ತಾನೆ.

ಪ್ರಸನ್ನಣ್ಣ (ದೊಡ್ಡಪ್ಪನ ಮಗ): ಆ ರಾತ್ರಿಯನ್ನು ಯಾರು ಮರೆಯಲು ಸಾಧ್ಯ? 1988ರ ಬೇಸಿಗೆ ರಜೆ. ಸಾಗರದ ಪೇಟೆಯಿಂದ ಬಾಡಿಗೆ ಬಣ್ಣದ ಟಿವಿ, ವಿಸಿಆರ್ ಮತ್ತು ನಾಲ್ಕು ಕ್ಯಾಸೆಟ್ಟುಗಳನ್ನು ಆಟೊದಲ್ಲಿ ತಂದಿದ್ದೆವು. ಟಿವಿ ಅಲುಗಾಡದಿರಲೆಂದು ನಾನೂ ಸಣ್ಣಜ್ಜಿಯ ಮೊಮ್ಮಗನೂ ಅದನ್ನು ದಾರಿಯುದ್ದಕ್ಕೂ ತಬ್ಬಿಕೊಂಡೇ ಕುಳಿತಿದ್ದೆವು. ಜಗುಲಿಯಲ್ಲಿ ಕಂಬಳಿ ಹಾಸಿ, ಕೇರಿಯ ಜನರೆಲ್ಲ ಬಂದು ಕುಳಿತಿದ್ದರು. ಅಜ್ಜಿ ಒಂದು ಡಬ್ಬ ಹಲಸಿನ ಹಪ್ಪಳ ಕರಿದಿದ್ದರು. ಮೊದಲ ಎರಡು ಚಿತ್ರಗಳು ಮುಗಿಯುವ ಹೊತ್ತಿಗೆ ಕರೆಂಟು ಹೋಗಿ, ಅದು ಮರಳಿ ಬಂದಾಗ ರಾತ್ರಿ ಒಂದು ಗಂಟೆಯಾಗಿತ್ತು.

ಅಪ್ಪ: ಪ್ರಸನ್ನ, ವಿಷಯಾಂತರ ಬೇಡ. ನನ್ನ ಪ್ರಶ್ನೆಗೆ ಭಾವನವರು ಇನ್ನೂ ಉತ್ತರಿಸಿಲ್ಲ.

ದೊಡ್ಡಪ್ಪ: ವಿಷಯಾಂತರವೇನೂ ಆಗಿಲ್ಲ, ಅವನು ಈಗಷ್ಟೇ ವಿಷಯಕ್ಕೆ ಬರುತ್ತಿದ್ದಾನೆ. ಮುಂದಿನ ಕ್ಯಾಸೆಟ್ಟನ್ನು ಆರಿಸಿದವರು ಯಾರು?

ಪ್ರಸನ್ನಣ್ಣ: ಮುಂದಿನದು ಶ್ರೀಧರ ಚಿಕ್ಕಪ್ಪ ಆರಿಸಿದ ಇಂಗ್ಲಿಷ್ ಚಿತ್ರ. ಹತ್ತು ಹನ್ನೆರಡು ನಿಮಿಷಗಳಾಗಿರಬಹುದು, ತಲೆ ಸಿಡಿಯಿತು. ಅತ್ತೆ ಕಿರುಚಿದರು, ಹಪ್ಪಳದ ಡಬ್ಬ ಅಂಗಳಕ್ಕೆ ಉರುಳಿತು, ಅಪ್ಪ ಎದ್ದು ಗೋಡೆಯ ಪ್ಲಗ್ಗನ್ನೇ ಕಿತ್ತರು.

ಅಪ್ಪ: ಅಂಗಡಿಯವನು ‘ಇದು ಸೈನ್ಸ್ ಪಿಕ್ಚರ್’ ಎಂದು ಹೇಳಿ ಕೊಟ್ಟಿದ್ದ. ವಿಜ್ಞಾನದ ಮೇಷ್ಟ್ರಾಗಿ ನಾನು ನಂಬಿದೆ. ಮೂವತ್ತೇಳು ವರ್ಷಗಳಿಂದ ಇದಕ್ಕೆ ವಿವರಣೆ ಕೊಡುತ್ತಲೇ ಇದ್ದೇನೆ.

ದೊಡ್ಡಪ್ಪ: ಆಧಾರ ಕೇಳದೆ ನಂಬಿದೆ ಎಂದಾಯಿತು.

(ಇದಕ್ಕೆ ಅಪ್ಪ ಹದಿನಾರು ನಿಮಿಷ ಉತ್ತರಿಸಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ನನಗೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ಸದ್ದು ಕೇಳಿಸಿತು.)

ವಿನಯಣ್ಣ: ಎಲ್ಲರಿಗೂ ಟೊರಾಂಟೊದಿಂದ ನಮಸ್ಕಾರಗಳು. ಚಿತ್ರವನ್ನು ತೆಗೆದದ್ದು ಮಾಂಟ್ರಿಯಲ್‌ನಲ್ಲಿ. ಆ ಕಾಲದಲ್ಲಿ ಇಲ್ಲಿ ಚಲನಚಿತ್ರದಲ್ಲಿ ಹೂಡಿದ ಹಣವನ್ನು ಪೂರ್ತಿಯಾಗಿ ತೆರಿಗೆಯ ಲೆಕ್ಕದಿಂದ ಕಳೆಯಲು ಅವಕಾಶವಿತ್ತು. ಆ ಸೌಲಭ್ಯಕ್ಕಾಗಿ ವರ್ಷ ಮುಗಿಯುವುದರೊಳಗೆ ಚಿತ್ರೀಕರಣ ಮುಗಿಸುವ ಅವಸರ ಎಲ್ಲ ನಿರ್ಮಾಪಕರಿಗೂ ಇರುತ್ತಿತ್ತು. ಹಾಗಾಗಿ ಚಿತ್ರಕಥೆ ಪೂರ್ಣವಾಗುವ ಮೊದಲೇ ಚಿತ್ರೀಕರಣ ಆರಂಭವಾಗಿ, ಕ್ರೋನೆನ್‌ಬರ್ಗ್ ಅಂದಂದಿನ ದೃಶ್ಯವನ್ನು ಅಂದಂದೇ ಬೆಳಿಗ್ಗೆ ಬರೆಯಬೇಕಾಯಿತು. ಕಥೆ ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣುವುದಕ್ಕೆ ಅದೇ ಕಾರಣವೆಂದು ನನಗನ್ನಿಸುತ್ತದೆ. ಇಲ್ಲಿನವರು ಮಾತ್ರ ಅದನ್ನು ಬಹಳ ಅಭಿಮಾನದಿಂದ ನೋಡುತ್ತಾರೆ.

ನಾಗರಾಜ ಮಾವ: ‘ಇಲ್ಲಿನವರು’ ಎಂದರೆ ಯಾರು? ಮಗಳ ಮದುವೆಗೆ ಬರಲು ರಜೆಯಿಲ್ಲ ಎಂದವನಿಗೆ 1981ರ ಚಿತ್ರ ನೋಡಲು ಬಿಡುವಿದೆ ಎಂದು ತಿಳಿದು ಸಂತೋಷವಾಯಿತು.

ವಿನಯಣ್ಣ: ಮಾವ, ಆಗ ವೀಸಾ ನವೀಕರಣದಲ್ಲಿತ್ತೆಂದು ನಾನು ಎರಡು ಬಾರಿ ಪತ್ರ ಬರೆದಿದ್ದೆ.

ನಾನು: ದಯವಿಟ್ಟು ಮದುವೆಯನ್ನು ಬಿಟ್ಟು ಚಿತ್ರದ ಬಗ್ಗೆ ಮಾತಾಡೋಣ. ನಾನು ಇದನ್ನು ಮೂರು ಬಾರಿ ನೋಡಿದ್ದೇನೆ. ನೋಡಿದವರಲ್ಲಿ ಎರಡು ಪಂಗಡಗಳಿವೆ. ನಾಯಕ ಕ್ಯಾಮರನ್ ವೇಲ್‌ನ ಪಾತ್ರ ಮಾಡಿದ ಸ್ಟೀಫನ್ ಲ್ಯಾಕ್‌ಗೆ ನಟನೆಯೇ ಬರುವುದಿಲ್ಲ, ಪಾಠ ಒಪ್ಪಿಸುವ ಹುಡುಗನಂತೆ ಮಾತಾಡುತ್ತಾನೆ ಎನ್ನುವವರು ಒಂದು ಕಡೆ. ಬಾಲ್ಯದಿಂದ ತಲೆಯೊಳಗೆ ಊರವರ ಮಾತೆಲ್ಲ ತುಂಬಿಕೊಂಡು, ಬೀದಿಯಲ್ಲಿ ಬದುಕಿದವನಿಗೆ ಸ್ವಂತ ಧ್ವನಿ ಎಲ್ಲಿಂದ ಬರಬೇಕು, ಆ ಶೂನ್ಯ ನೋಟವೇ ಸರಿ ಎನ್ನುವವರು ಇನ್ನೊಂದು ಕಡೆ. ನಾನು ಮೊದಲ ಬಾರಿ ನೋಡಿದಾಗ ಮೊದಲನೆಯ ಪಂಗಡದಲ್ಲಿದ್ದೆ, ಈಗ ಎರಡನೆಯದರಲ್ಲಿದ್ದೇನೆ. ಖಳ ಡ್ಯಾರಿಲ್ ರೆವಾಕ್‌ನ ಪಾತ್ರದಲ್ಲಿ ಮೈಕೆಲ್ ಐರನ್‌ಸೈಡ್ ಅದ್ಭುತ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಇನ್ನೊಂದು ವಿಷಯ: ತಲೆ ಸಿಡಿಯುವ ದೃಶ್ಯ ಮೊದಲು ಚಿತ್ರದ ಆರಂಭದಲ್ಲಿಯೇ ಇತ್ತು. ಪರೀಕ್ಷಾರ್ಥ ಪ್ರದರ್ಶನದಲ್ಲಿ ಜನರು ಆ ಆಘಾತದಿಂದ ಚೇತರಿಸಿಕೊಳ್ಳದೆ, ಮುಂದಿನದನ್ನು ಗಮನಿಸಲಾರದೆ ಹೋದುದರಿಂದ ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು.

ದೊಡ್ಡಪ್ಪ: ನಾನು ಪ್ಲಗ್ಗು ಕಿತ್ತದ್ದು ಸರಿಯಾಗಿತ್ತೆಂದು ಆ ದೇಶದ ಪ್ರೇಕ್ಷಕರೂ ಸಾಕ್ಷಿ ಹೇಳಿದ ಹಾಗಾಯಿತು.

ಅಪ್ಪ: ನಿಮಗಿರುವುದು ಹನ್ನೆರಡು ನಿಮಿಷಗಳ ಜ್ಞಾನ ಮಾತ್ರ, ಅಣ್ಣ. ನನ್ನ ಜ್ಞಾನವೂ ಅಷ್ಟೇ, ಅದನ್ನು ನಾನು ಒಪ್ಪುತ್ತೇನೆ. ಆದರೂ ಮಗಳು ಹೇಳಿದ ಕಥೆ ಕೇಳಿ ನನ್ನ ಆಕ್ಷೇಪಣೆ ಇದು: ನಾಯಕನು ದೂರವಾಣಿಯ ತಂತಿಯ ಮೂಲಕ ಒಂದು ಕಂಪ್ಯೂಟರಿನ ‘ಮನಸ್ಸನ್ನು’ ಓದುತ್ತಾನಂತೆ. ಕಂಪ್ಯೂಟರಿಗೂ ನರಮಂಡಲವಿದೆ ಎಂದು ಅಲ್ಲಿನ ವೈದ್ಯ ಹೇಳುತ್ತಾನಂತೆ. ಏಳನೆಯ ತರಗತಿಯ ಹುಡುಗನೂ ಇದಕ್ಕೆ ಸೊನ್ನೆ ಕೊಡುತ್ತಾನೆ.

ಪ್ರಸನ್ನಣ್ಣ: ಚಿಕ್ಕಪ್ಪ ಸೊನ್ನೆ ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ನನ್ನ ಗಣಿತದ ಕಿರುಪರೀಕ್ಷೆ ಯಾರಿಗಾದರೂ ನೆನಪಿದೆಯೇ?

(ಈ ಹೊತ್ತಿಗೆ ಪದ್ಮ ದೊಡ್ಡಮ್ಮ, ಅಂದರೆ ದೊಡ್ಡಪ್ಪನ ತಮ್ಮನ ಹೆಂಡತಿ, ವಿನಯಣ್ಣನ ತಾಯಿ, ಬರೆಯುತ್ತಿದ್ದಾರೆಂದು ಪರದೆಯ ಮೇಲೆ ಬಹಳ ಹೊತ್ತಿನಿಂದ ತೋರಿಸುತ್ತಿತ್ತು. ಅವರು ಗುಂಪಿನಲ್ಲಿ ವರ್ಷಕ್ಕೆ ಎರಡು ಬಾರಿ ಬರೆಯುತ್ತಾರೆ: ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ.)

ಪದ್ಮ ದೊಡ್ಡಮ್ಮ: ಭಾವನವರ ಮುಂದೆ ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ಆ ಚಿತ್ರವನ್ನು ಈ ಮನೆಯಲ್ಲಿ ಅಂದೇ ಪೂರ್ತಿ ನೋಡಿದವರು ಇಬ್ಬರಿದ್ದೇವೆ, ಅತ್ತೆಯವರು ಮತ್ತು ನಾನು. ಮರುದಿನ ಗಂಡಸರೆಲ್ಲ ತೋಟಕ್ಕೆ ಹೋದ ಮೇಲೆ, ಮಧ್ಯಾಹ್ನದೊಳಗೆ ಹಿಂದಿರುಗಿಸಬೇಕಿದ್ದ ವಿಸಿಆರನ್ನು ಸಂಜೆಯವರೆಗೆ ಇಟ್ಟುಕೊಂಡು ನೋಡಿದೆವು. ಅತ್ತೆಯವರು ಹೂಬತ್ತಿ ಹೊಸೆಯುತ್ತ ಕುಳಿತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಆಗ ವಿನಯ ನನ್ನ ಹೊಟ್ಟೆಯಲ್ಲಿ ಐದು ತಿಂಗಳು. ಹಿಂದಿನ ರಾತ್ರಿ ಭಾವನವರು ‘ಗರ್ಭಿಣಿ ನೋಡಬಾರದ್ದು’ ಎಂದು ಹೇಳಿ ಟಿವಿ ನಿಲ್ಲಿಸಿದ್ದು ನನ್ನ ಒಳ್ಳೆಯದಕ್ಕೇ. ಆದರೆ ಆ ಚಿತ್ರ ಇರುವುದೇ ಗರ್ಭಿಣಿಯರ ಬಗ್ಗೆ. ಅದರಲ್ಲಿ ಎಫೆಮೆರಾಲ್ ಎಂಬ ಔಷಧಿಯಿದೆ. ಬಸುರಿಯರಿಗೆ ನೆಮ್ಮದಿಗೆಂದು ಕೊಟ್ಟ ಮಾತ್ರೆಯಿಂದ ಹುಟ್ಟಿದ ಮಕ್ಕಳೇ ಈ ಮನಸ್ಸು ಓದುವವರು. ತಲೆ ಸಿಡಿದದ್ದನ್ನು ನಾನು ಎರಡು ದಿನಕ್ಕೆ ಮರೆತೆ. ವೈದ್ಯರ ಕೊಠಡಿಯ ಹೊರಗೆ ಒಬ್ಬ ಬಸುರಿ ಸುಮ್ಮನೆ ಕುಳಿತಿರುತ್ತಾಳೆ, ಅವಳ ಹೊಟ್ಟೆಯೊಳಗಿನ ಕೂಸು ಎದುರಿಗಿರುವ ಕಿಮ್ ಎಂಬವಳ ಮನಸ್ಸನ್ನು ಮುಟ್ಟುತ್ತದೆ, ಆ ತಾಯಿಗೆ ಏನೂ ಗೊತ್ತಿರುವುದಿಲ್ಲ. ಆ ದೃಶ್ಯ ಮಾತ್ರ ಹೆರಿಗೆಯವರೆಗೂ ನನ್ನನ್ನು ಬಿಡಲಿಲ್ಲ. ಕಾಲೇಜಿನಲ್ಲಿ ನಮಗೆ ಥಾಲಿಡೊಮೈಡ್ ಮಾತ್ರೆಯ ಕಥೆ ಹೇಳಿದ್ದರು. ಬಸುರಿಯರು ಅದನ್ನು ನುಂಗಿದ್ದರಿಂದ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದವು. ಪಶ್ಚಿಮ ಜರ್ಮನಿಯಲ್ಲಿ 1961ರ ನವೆಂಬರಿನಲ್ಲಿಯೇ ಅದನ್ನು ಹಿಂದೆಗೆದುಕೊಂಡರೂ ಕೆನಡಾದಲ್ಲಿ 1962ರ ಮಾರ್ಚಿನವರೆಗೆ ಮಾರುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಕೊಡದೆ ತಡೆದ ಫ್ರಾನ್ಸಿಸ್ ಕೆಲ್ಸಿ ಹುಟ್ಟಿದ್ದು ಕೆನಡಾದಲ್ಲಿಯೇ. ನಾಗರಾಜಣ್ಣನವರ ಸಂದೇಶದಲ್ಲಿರುವುದೆಲ್ಲ ಸುಳ್ಳು ಎಂದು ಮೇಘನಾ ಹೇಳಿದ್ದು ಸರಿ. ಆದರೆ ಆ ದೇಶದವರು ಇಂಥ ಚಿತ್ರವನ್ನು ಸುಮ್ಮನೆ ತೆಗೆದಿರಲಾರರು ಎಂದು ನನಗೆ ಅಂದೇ ಅನ್ನಿಸಿತ್ತು.

ವಿನಯಣ್ಣ: ಅಮ್ಮ, ನೀವು ಆಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ?

ಪದ್ಮ ದೊಡ್ಡಮ್ಮ: ಕಬ್ಬಿಣಾಂಶದ್ದು. ನೀನು ಫೋನ್ ಮಾಡದೆ ಹನ್ನೊಂದು ದಿನವಾಯಿತು.

ಅಪ್ಪ: ಅತ್ತಿಗೆ, ಒಂದು ಸ್ಪಷ್ಟೀಕರಣ ಬೇಕು. ವಿಸಿಆರನ್ನು ಸಂಜೆಯವರೆಗೆ ಇಟ್ಟುಕೊಂಡವರು ನೀವು ಎಂದಿರಲ್ಲವೇ? ಅದಕ್ಕೆ ಅಂಗಡಿಯವನು ಇನ್ನೊಂದು ದಿನದ ಬಾಡಿಗೆ ಹಾಕಿದ್ದ. ಅರವತ್ತು ರೂಪಾಯಿ. ‘ಶ್ರೀಧರ ಬೇಗ ಏಳಲಿಲ್ಲ, ಅದಕ್ಕೇ ತಡವಾಯಿತು’ ಎಂದು ತೀರ್ಮಾನಿಸಿ ಅದನ್ನು ನನ್ನಿಂದಲೇ ಕಟ್ಟಿಸಿದ್ದರು.

ದೊಡ್ಡಪ್ಪ: ನೀನು ಬೇಗ ಎದ್ದಿರಲಿಲ್ಲ ಎಂಬುದೂ ಸತ್ಯವೇ. ಅದಿರಲಿ. ಪದ್ಮಾ, ಅಮ್ಮ ಆ ಚಿತ್ರವನ್ನು ನೋಡಿ ಏನೆಂದರು?

ಪದ್ಮ ದೊಡ್ಡಮ್ಮ: ಕೊನೆಯಲ್ಲಿ ನಾಯಕನೂ ಖಳನೂ ಅಣ್ಣತಮ್ಮಂದಿರೆಂದು, ಆ ಮಾತ್ರೆಯನ್ನು ಕಂಡುಹಿಡಿದ ವೈದ್ಯನೇ ಅವರ ತಂದೆಯೆಂದು ತಿಳಿಯುತ್ತದೆ. ಇಬ್ಬರೂ ಎದುರುಬದುರು ನಿಂತು, ಮೈಯ ನರಗಳೆಲ್ಲ ಉಬ್ಬಿ, ಒಬ್ಬರನ್ನೊಬ್ಬರು ಸುಡುತ್ತಾರೆ. ಅತ್ತೆಯವರು ಬತ್ತಿಯನ್ನು ಕೆಳಗಿಟ್ಟು, ‘ಇದು ಮಾಟದ ಕಥೆ ಅಂದುಕೊಂಡಿದ್ದೆ, ದಾಯಾದಿ ಕಥೆಯೇ ಆಯಿತಲ್ಲ’ ಎಂದರು.

ದೊಡ್ಡಪ್ಪ: ಅಮ್ಮ ಹಾಗೆಂದದ್ದು ಚಿತ್ರದ ಬಗ್ಗೆಯೋ, ನಮ್ಮ ಬಗ್ಗೆಯೋ?

ಪ್ರಸನ್ನಣ್ಣ: ಪಾಲು ಆದದ್ದು 1991ರಲ್ಲಿ, ಅಪ್ಪ. ಅಜ್ಜಿ ಹೇಳಿದ್ದು 1988ರಲ್ಲಿ.

ಅಪ್ಪ: ಕೆಳಗಿನ ತೋಟದ ಮಾತು 1988ರಲ್ಲಿಯೇ ಆರಂಭವಾಗಿತ್ತು. ಬಾವಿ ಯಾರ ಪಾಲಿಗೆ ಬರಬೇಕೆಂದು ಆ ಬೇಸಿಗೆಯಲ್ಲೇ ಚರ್ಚೆಯಾಗಿತ್ತು ಎಂಬುದಕ್ಕೆ ನನ್ನ ಬಳಿ ದಿನಚರಿಯ ಆಧಾರವಿದೆ.

ನಾಗರಾಜ ಮಾವ: ಬಾವಿಯ ವಿಷಯದಲ್ಲಿ ನನ್ನನ್ನು ಸಾಕ್ಷಿಯಾಗಿ ಕೂರಿಸಿ, ನನ್ನ ಮಾತನ್ನು ಯಾರೂ ಕೇಳಲಿಲ್ಲ.

(ಇಲ್ಲಿಂದ ಮುಂದೆ ನಲವತ್ತೊಂದು ಸಂದೇಶಗಳು ಬಾವಿಗೆ ಸಂಬಂಧಿಸಿದವು. ಎಫೆಮೆರಾಲ್ ಬಗ್ಗೆಯಾಗಲಿ, ಥಾಲಿಡೊಮೈಡ್ ಬಗ್ಗೆಯಾಗಲಿ ಒಬ್ಬರೂ ಒಂದು ಮಾತು ಬರೆಯಲಿಲ್ಲ. ಹಿನ್ನೆಲೆ ಸಂಗೀತ ಹೋವರ್ಡ್ ಶೋರ್ ಅವರದೆಂದು ನಾನು ಬರೆದ ಸಂದೇಶ ಯಾರ ಕಣ್ಣಿಗೂ ಬೀಳಲಿಲ್ಲ. ಮೂಲ ಸಂದೇಶವನ್ನು ಅಳಿಸಿಹಾಕಿ ಎಂದು ಅಪ್ಪ ಕೇಳಿಕೊಂಡಾಗ, ಮಕ್ಕಳ ತಲೆದಿಂಬಿನ ಬಳಿ ಫೋನಿಡಬಾರದೆಂಬ ಕೊನೆಯ ಸಾಲಾದರೂ ಸರಿಯಿದೆ, ಅದಕ್ಕಾಗಿ ಅದು ಉಳಿಯಲಿ ಎಂದು ಮಾವ ಉತ್ತರಿಸಿದರು. ಅದನ್ನು ದೊಡ್ಡಪ್ಪ ಅನುಮೋದಿಸಿದರು.)

ರಾತ್ರಿ ಹತ್ತೂವರೆಗೆ ದೊಡ್ಡಪ್ಪ ನನಗೊಬ್ಬಳಿಗೇ ಬರೆದರು:

ಮೇಘನಾ, ನೀನು ಇನ್ನೂ ಮಲಗಿರದಿದ್ದರೆ ಒಂದು ಸಂದೇಹವನ್ನು ನಿವಾರಿಸು. ಬೋಳುತಲೆಯವನೇ ನಾಯಕನೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನೀನೂ ಪದ್ಮಳೂ ಬರೆದದ್ದನ್ನು ನೋಡಿದರೆ ನಾಯಕ ಬೇರೆಯವನೆಂದು ತೋರುತ್ತದೆ. ಹಾಗಾದರೆ ಅಂದು ವೇದಿಕೆಯ ಮೇಲೆ ಇವನ ಪಕ್ಕದಲ್ಲಿ ಕುಳಿತು, ಮೈಯೆಲ್ಲ ಬಿಗಿಹಿಡಿದು ನಡುಗುತ್ತಿದ್ದ ಆ ಇನ್ನೊಬ್ಬನು ಯಾರು? ಪ್ಲಗ್ಗನ್ನು ಕಿತ್ತಾಗ ಅವನು ಇನ್ನೂ ಅಲ್ಲಿಯೇ ಇದ್ದ.