ಪದ ಬೇಕು: ಬೈಕಿನ ‘ಐಡಲ್ ಸ್ಪೀಡ್’ಗೆ ಕನ್ನಡದಲ್ಲಿ ಏನನ್ನೋಣ?

ಚಿಂತಾಮಣಿಯಿಂದ:

ಪದ ಹುಡುಕುವ ಈ ಬಳಗದ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ಇಲ್ಲಿ ಬೈಕ್ ರಿಪೇರಿ ಕಲಿಸುವ ಒಂದು ಕಡೆಗೆ ಗೋಡೆ ಚಾರ್ಟ್ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ನಾಳೆ ಬೆಳಗ್ಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ನೂರು ಸಿಸಿ ಗಾಡಿಯ ಐಡಲ್ ಸ್ಪೀಡ್, ಅಂದರೆ ಆಕ್ಸಿಲರೇಟರ್ ತಿರುಗಿಸದೆ ಬಿಟ್ಟಾಗ ಇಂಜಿನ್ ತಿರುಗುವ ವೇಗ, ಅಳೆದು ಸರಿಮಾಡುವುದು ಹೇಗೆ ಅನ್ನುವ ಚಾರ್ಟ್ ಇದು. ಒಳಗಿನದೆಲ್ಲಾ ಆಯ್ತು, ತಲೆಬರಹವೇ ಆಗಿಲ್ಲ.

ಕಂಪ್ಯೂಟರ್ ಅನುವಾದ ‘ನಿಷ್ಕ್ರಿಯ ವೇಗ’ ಅನ್ನುತ್ತದೆ. ನಿಘಂಟು ತೆಗೆದರೆ ‘ಸೋಮಾರಿ’, ‘ಕೆಲಸವಿಲ್ಲದ’. ಸೋಮಾರಿ ವೇಗ ಅಂತ ಬರೆದರೆ ಹುಡುಗರು ಅದನ್ನು ಮೇಷ್ಟ್ರಿಗೇ ಅಡ್ಡಹೆಸರು ಮಾಡಿಬಿಡುತ್ತಾರೆ. ಈಗಿರುವ ಪಠ್ಯ ಹೀಗಿದೆ, ಖಾಲಿ ಜಾಗ ತುಂಬಿಕೊಡಿ:

“ಗಾಡಿಯನ್ನು ಹತ್ತು ನಿಮಿಷ ಓಡಿಸಿ ಇಂಜಿನ್ ಬಿಸಿ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತನ್ನಿ. ಪ್ಲಗ್ ವೈರಿಗೆ ಟ್ಯಾಕೋಮೀಟರ್ (ಸುತ್ತು ಎಣಿಸುವ ಮೀಟರ್) ಕ್ಲಿಪ್ ಹಾಕಿ, ಮೀಟರನ್ನು ಎರಡು ಸುತ್ತಿಗೆ ಒಂದು ಕಿಡಿ ಎಂದು ಇಡಿ. ____ ನಿಮಿಷಕ್ಕೆ 1400 ಇರಬೇಕು, ನೂರು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ. ಜಾಸ್ತಿ ಇದ್ದರೆ ____ ಸ್ಕ್ರೂ ಸಡಿಲಿಸಿ, ಕಡಿಮೆ ಇದ್ದರೆ ಬಿಗಿ ಮಾಡಿ.”

ತುಮಕೂರಿನಿಂದ:

ನಿಷ್ಕ್ರಿಯ ವೇಗ ತಪ್ಪೇನಲ್ಲ. ಪಠ್ಯಪುಸ್ತಕದ ಶೈಲಿ ಅದೇ. ಹಾಕಿ, ಮುಗಿಸಿ.

ಶಿಡ್ಲಘಟ್ಟದಿಂದ:

ಹಾಕಿ ಮುಗಿಸುವುದಕ್ಕೆ ಇದೇನು ಶ್ರದ್ಧಾಂಜಲಿ ಬ್ಯಾನರಾ? ಯಾವುದು ನಿಷ್ಕ್ರಿಯ ಸ್ವಾಮಿ? 1400 ಅಂದರೆ ಸೆಕೆಂಡಿಗೆ ಇಪ್ಪತ್ತಮೂರು ಸುತ್ತು. ಒಳಗೆ ಪೆಟ್ರೋಲ್ ಉರಿಯುತ್ತಿದೆ, ಆಯಿಲ್ ಪಂಪ್ ತಿರುಗುತ್ತಿದೆ, ಮ್ಯಾಗ್ನೆಟ್ ಕರೆಂಟ್ ಕೊಡುತ್ತಿದೆ. ಚಕ್ರಕ್ಕೆ ಮಾತ್ರ ಬಲ ಹೋಗುತ್ತಿಲ್ಲ. ನಿಷ್ಕ್ರಿಯ ಆಗಿರೋದು ಚಕ್ರ, ಇಂಜಿನ್ ಅಲ್ಲ.

‘ವೇಗ’ವೂ ಬೇಡ. ವೇಗ ಅಂದ ತಕ್ಷಣ ಹುಡುಗರ ಕಣ್ಣು ಸ್ಪೀಡೋಮೀಟರ್ ಕಡೆ ಹೋಗುತ್ತದೆ, ಅಲ್ಲಿ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಅಳೆಯುವುದು ಸುತ್ತು. ಸುತ್ತು ಅಂತಲೇ ಬರೆಯಿರಿ. ಮುಂದಿನ ಪದಕ್ಕೆ ನನ್ನ ಸಲಹೆ ‘ನಿಂತೋಟ’. ನಿಂತ ಜಾಗದಲ್ಲೇ ಓಟ. ಗಮಕಸಮಾಸ, ಲೋಪಸಂಧಿ, ಯಾರೂ ತಕರಾರು ತೆಗೆಯುವ ಹಾಗಿಲ್ಲ.

ತುಮಕೂರಿನಿಂದ, ಇನ್ನೊಬ್ಬರು:

ತಕರಾರು ಇದೆ. ಮೂಲಕ್ಕೆ ಹೋಗದೆ ಪದ ಕಟ್ಟಿದರೆ ಹೀಗೇ ಆಗುವುದು. ಇಂಗ್ಲಿಷಿನ ಆ ಪದಕ್ಕೆ ಸೋಮಾರಿ ಅನ್ನುವ ಅರ್ಥ ಆಮೇಲೆ ಬಂದದ್ದು. ಹಳೆ ಇಂಗ್ಲಿಷಿನಲ್ಲಿ ಅದು ಬರಿದು, ಖಾಲಿ. ಜರ್ಮನ್ನರು ಇದಕ್ಕೆ ಲೇರ್‌ಲೌಫ್ ಅನ್ನುತ್ತಾರೆ, ಬರಿದಾದ ಓಟ. ನಮ್ಮಲ್ಲಿ ‘ಬಱಿ’ ಇದೆ, ‘ಬಱಿದು’ ಇದೆ. ತಮಿಳಿನ ವಱಿದು ಇದರ ಒಡಹುಟ್ಟು. ಬಱಿದು + ಓಟ = ಬಱಿದೋಟ. ಇಷ್ಟು ಸೊಗಸಾದ ಪದ ಮನೆಯಲ್ಲೇ ಇಟ್ಟುಕೊಂಡು ಬೀದಿಯಲ್ಲಿ ಹುಡುಕುತ್ತಿದ್ದೀರಿ. ದಯವಿಟ್ಟು ಶಕಟರೇಫವನ್ನು, ಅಂದರೆ ಹಳೆಯ ಱ ಅಕ್ಷರವನ್ನು, ಉಳಿಸಿಕೊಳ್ಳಿ, ಬರೀ ರಕಾರ ಹಾಕಿದರೆ ಪದದ ಬೇರೇ ಕಾಣುವುದಿಲ್ಲ.

ಹಾಗೇ ಒಂದು ಮಾತು. ತಿರುಪುಮೊಳೆ ಇರುವಾಗ ಸ್ಕ್ರೂ ಯಾಕೆ?

ಮುಳಬಾಗಿಲಿನಿಂದ:

ಗುರುಗಳೇ, ಹೂ + ತೋಟ = ಹೂದೋಟ ಆದರೆ ಬರಿ + ತೋಟ ಏನಾಗುತ್ತದೆ? ಬರಿದೋಟ. ನಮ್ಮ ಜಿಲ್ಲೆಯಲ್ಲಿ ಈ ಪದ ಗೋಡೆ ಮೇಲೆ ಹಾಕಿದರೆ ಬೋರ್‌ವೆಲ್ ಬತ್ತಿ ಮಾವು ಒಣಗಿಹೋಗಿದೆ ಅಂತ ಓದುತ್ತಾರೆ.

ಶಕಟರೇಫದ ಬಗ್ಗೆ ಫ್ಲೆಕ್ಸ್ ಅಂಗಡಿಯವನ ಹತ್ತಿರ ನೀವೇ ಮಾತಾಡಿ.

ಶಿಡ್ಲಘಟ್ಟದಿಂದ:

ಫ್ರೆಂಚರು ಇದಕ್ಕೇ ‘ನಿಧಾನ ಮಾಡಿದ್ದು’ ಅನ್ನೋ ಅರ್ಥದ ಪದ ಬಳಸುತ್ತಾರೆ. ಅವರ ಇಂಜಿನ್ನೂ ಓಡುತ್ತಿದೆ. ಹಳೆ ಇಂಗ್ಲಿಷಿಗೆ ಹೋಗಲೇಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ನಿಂತೋಟ ಅಂದರೆ ಸಾಕು.

ಗೌರಿಬಿದನೂರಿನಿಂದ:

ನಾನು ಇಲ್ಲಿ ಬರೆಯುವುದು ಅಪರೂಪ. ನಮ್ಮ ಮನೆಯವರದು ಗ್ಯಾರೇಜು, ಮುಂದಿನ ಬಾಗಿಲಿನಲ್ಲೇ. ದಿನಾ ಕಿವಿಗೆ ಬೀಳುವುದನ್ನು ಹೇಳುತ್ತೇನೆ, ಆಮೇಲೆ ನೀವು ಸಂಧಿ ಬಿಡಿಸಿ.

ನಿಂತೋಟ ಆಗಲ್ಲ. ಗ್ಯಾರೇಜಿನಲ್ಲಿ ‘ನಿಲ್ಲು’ ಅನ್ನುವುದಕ್ಕೆ ಎರಡು ಅರ್ಥ ಇದೆ, ಎರಡೂ ಒಂದಕ್ಕೊಂದು ಉಲ್ಟಾ. ‘ಸಿಗ್ನಲ್‌ನಲ್ಲಿ ಗಾಡಿ ನಿಂತೋಗ್ತಿದೆ’ ಅಂದರೆ ಇಂಜಿನ್ ಆಫ್ ಆಗುತ್ತಿದೆ. ‘ಐಡ್ಲಿಂಗ್ ನಿಲ್ತಾ ಇಲ್ಲ’ ಅಂದರೂ ದೂರು ಅದೇ, ಆದರೆ ಇಲ್ಲಿ ನಿಲ್ಲೋದು ಅಂದರೆ ಒಂದೇ ಮಟ್ಟದಲ್ಲಿ ಇರೋದು. ಒಬ್ಬರು ನಿಲ್ಲುತ್ತಿದೆ ಅಂತ ಬರುತ್ತಾರೆ, ಇನ್ನೊಬ್ಬರು ನಿಲ್ಲುತ್ತಿಲ್ಲ ಅಂತ ಬರುತ್ತಾರೆ, ಇಬ್ಬರಿಗೂ ತಿರುಗಿಸುವ ಸ್ಕ್ರೂ ಒಂದೇ. ಹೀಗಿರುವಾಗ ನಿಂತೋಟ ಅಂತ ಹಾಕಿದರೆ ಹುಡುಗ ಏನು ತಿಳಿದುಕೊಳ್ಳಬೇಕು?

ಸುತ್ತು ಜಾಸ್ತಿ ಆದಾಗ ಯಾರೂ ವೇಗ ಅನ್ನಲ್ಲ. ‘ರೇಸ್ ಜಾಸ್ತಿ ಇದೆ, ಇಳಿಸು’ ಅನ್ನುತ್ತಾರೆ. ‘ಸ್ಲೋ ಸೆಟ್ ಮಾಡು’ ಅನ್ನುವವರೂ ಇದ್ದಾರೆ. ಗ್ಯಾರೇಜಿನ ಒಳಗೆ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಮೂರರಲ್ಲೂ ಐಡ್ಲಿಂಗ್ ಐಡ್ಲಿಂಗೇ.

ಪದಕ್ಕಿಂತ ದೊಡ್ಡ ತಪ್ಪು ನಿಮ್ಮ ಪಠ್ಯದಲ್ಲಿದೆ, ಯಾರೂ ನೋಡಿಲ್ಲ. ‘ಎರಡು ಸುತ್ತಿಗೆ ಒಂದು ಕಿಡಿ’ ಅಂತ ಬರೆದಿದ್ದೀರಿ. ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ, ಅದು ಸರಿ. ಆದರೆ ಈ ಸಣ್ಣ ಗಾಡಿಗಳಲ್ಲಿ ಬಹಳಷ್ಟಕ್ಕೆ ಪ್ಲಗ್ ಪ್ರತಿ ಸುತ್ತಿಗೂ ಕಿಡಿ ಕೊಡುತ್ತದೆ, ಅದರಲ್ಲಿ ಒಂದು ದಂಡ. ಮೀಟರನ್ನು ನೀವು ಹೇಳಿದ ಹಾಗೆ ಇಟ್ಟರೆ 1400 ಇರುವ ಕಡೆ 2800 ತೋರಿಸುತ್ತದೆ. ಹುಡುಗ ಸ್ಕ್ರೂ ಸಡಿಲಿಸುತ್ತಾ ಹೋಗುತ್ತಾನೆ, ಮೀಟರು 1400ಕ್ಕೆ ಇಳಿಯುವ ಮೊದಲೇ ಗಾಡಿ ಉಸಿರು ಬಿಡುತ್ತದೆ. ‘ಒಂದು ಸುತ್ತಿಗೆ ಒಂದು ಕಿಡಿ’ ಅಂತ ತಿದ್ದಿ. ಗಾಡಿಯ ಪುಸ್ತಕ ನೋಡಿಕೊಳ್ಳಿ ಅಂತಲೂ ಸೇರಿಸಿ.

ಇನ್ನೊಂದು ಸಾಲಿಗೆ ಜಾಗ ಇದ್ದರೆ: ಸೆಟ್ ಮಾಡಿದ ಮೇಲೆ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಬೇಕು. ಸುತ್ತು ಏರಬಾರದು. ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ, ಅದನ್ನು ಮೊದಲು ಸರಿಮಾಡಬೇಕು. ಗಾಳಿ ಹೊಂದಿಸುವ ಏರ್ ಸ್ಕ್ರೂ ಬೇರೆ, ಈ ಸ್ಕ್ರೂ ಬೇರೆ. ಎರಡಕ್ಕೂ ಒಂದೇ ಹೆಸರು ಹಾಕಿಬಿಡಬೇಡಿ.

ತುಮಕೂರಿನಿಂದ, ಇನ್ನೊಬ್ಬರು:

ಅಂದರೆ ಮೆಕ್ಯಾನಿಕ್ ಆಡಿದ್ದೇ ಕನ್ನಡ. ಹಾಗಿದ್ದರೆ ಈ ಬಳಗ ಯಾಕೆ? ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಇದೆ. ಗಾಡಿ ಹುಟ್ಟೋದು ಕೋಲಾರ ಜಿಲ್ಲೆಯಲ್ಲಿ, ಅದರ ಒಂದು ಪಾರ್ಟಿಗಾದರೂ ಕನ್ನಡದ ಹೆಸರಿಡಲು ನಮಗೆ ಆಗಲ್ಲ ಅಂದರೆ ನಾಚಿಕೆ ಆಗಬೇಕು.

ಮುಳಬಾಗಿಲಿನಿಂದ:

ನೀವೇ ‘ಪಾರ್ಟಿಗೆ’ ಅಂದಿರಿ. ‘ಬಿಡಿಭಾಗಕ್ಕೆ’ ಅನ್ನಲಿಲ್ಲ. ಅದಕ್ಕೇ ಓದಲು ಸಲೀಸಾಗಿದೆ.

ಜಮೀನು, ಅರ್ಜಿ ಎಲ್ಲಾ ಪಾರಸಿ, ಅರಬ್ಬಿ ಕಡೆಯಿಂದ ಬಂದವು. ಇವತ್ತು ಜಮೀನು ಬೇಡ, ನೆಲ ಅನ್ನಿ ಅಂದರೆ ತಾಲ್ಲೂಕು ಕಚೇರಿಯಲ್ಲಿ ಯಾವ ಫೈಲೂ ಕದಲಲ್ಲ. ಕ್ಲಚ್, ಬ್ರೇಕ್, ಪೆಟ್ರೋಲ್ ಒಳಗೆ ಬಂದು ಕೂತಿವೆ. ಐಡ್ಲಿಂಗ್ ಒಂದನ್ನೇ ಬಾಗಿಲಲ್ಲಿ ತಡೆದು ಕುಲಗೋತ್ರ ಕೇಳುವುದು ಯಾವ ನ್ಯಾಯ?

ತುಮಕೂರಿನಿಂದ:

ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿ ಬಂದ ಮೇಲೆ ಈ ಸ್ಕ್ರೂ ತಿರುಗಿಸುವ ಕೆಲಸವೇ ಹೋಗುತ್ತಿದೆ. 2020ರ ಏಪ್ರಿಲ್‌ನಿಂದ ಮಾರಾಟವಾದ ಬಿಎಸ್ 6 (ಹೊಗೆಯ ಹೊಸ ನಿಯಮ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸುತ್ತನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಸಾಯುವ ಕೆಲಸಕ್ಕೆ ಹೊಸ ಪದ ಹುಟ್ಟಿಸಿ ಏನು ಲಾಭ?

ಗೌರಿಬಿದನೂರಿನಿಂದ:

ಕೆಲಸ ಹೋದರೂ ಮಾತು ಹೋಗಲ್ಲ ಸಾರ್. ಬೈಕಿನ ಹೊಗೆ ತಪಾಸಣೆ ಮಾಡೋದೇ ಐಡ್ಲಿಂಗಲ್ಲಿ. ಕಾರ್ಬೊರೇಟರ್ ಗಾಡಿಗಳೂ ನಮ್ಮ ಹಳ್ಳಿ ಕಡೆ ಇನ್ನೂ ಬೇಕಾದಷ್ಟಿವೆ, ಹಾಲಿನ ಕ್ಯಾನು ಹೊರುವುದೇ ಅವು.

ಚಿಂತಾಮಣಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ಕಿಡಿಯ ಸಾಲು ತಿದ್ದಿದೆ, ಹ್ಯಾಂಡಲ್ ಸಾಲೂ ಸೇರಿಸಿದೆ. ಕೊನೆಗೆ ಹೀಗೆ ಹೋಗುತ್ತಿದೆ.

ತಲೆಬರಹ: “ಐಡ್ಲಿಂಗ್ ಸುತ್ತು: ಅಳೆಯುವುದು, ಸರಿಮಾಡುವುದು”. ಅದರ ಕೆಳಗೆ ಸಣ್ಣಕ್ಷರದಲ್ಲಿ: “ರೇಸ್ ಕೊಡದೆ ಬಿಟ್ಟಾಗ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ.” ಸ್ಕ್ರೂ ಸ್ಕ್ರೂ ಆಗೇ ಇದೆ. ತಿರುಪುಮೊಳೆ ನನಗೂ ಇಷ್ಟ. ಆದರೆ ಅಂಗಡಿಯಲ್ಲಿ ತಿರುಪುಮೊಳೆ ಕೊಡಿ ಅಂದರೆ ಮರಕ್ಕೆ ಹೊಡೆಯುವುದನ್ನು ಕೊಡುತ್ತಾರೆ.

ತುಮಕೂರಿನಿಂದ, ಇನ್ನೊಬ್ಬರು:

‘ಐಡ್ಲಿಂಗ್ ಸುತ್ತು’. ಅರಿಸಮಾಸ, ಎರಡು ಭಾಷೆ ಬೆರೆಸಿ ಕಟ್ಟಿದ ಪದ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ನೋಡಿದ್ದರೆ!

ಮುಳಬಾಗಿಲಿನಿಂದ:

ಕೇಶಿರಾಜ ಆಕ್ಷೇಪ ಎತ್ತಿದ್ದು ಸಂಸ್ಕೃತ, ಕನ್ನಡ ಕೂಡಿಸಿದ್ದಕ್ಕೆ. ಇಂಗ್ಲಿಷಿಗೂ ಅದನ್ನೇ ಹಚ್ಚುತ್ತೀರಾದರೆ ‘ರೈಲುಬಂಡಿ’ಯೂ ಅದೇ ಜಾತಿ ಅಲ್ವಾ? ಮೊದಲು ಅದರಿಂದ ಇಳಿಯಿರಿ, ಆಮೇಲೆ ಐಡ್ಲಿಂಗ್ ಮಾತಾಡೋಣ.